ಗೋರಿಗಳ ನಡುವೆ ಮೂವತ್ತು ಎಣಿಸಿದವರು

ಸೀತಾಫಲ ಹಣ್ಣಾಗಿ ಒಂದು ದಿನ ಹೆಚ್ಚಾದರೆ ಅದರ ಸಿಹಿ ವಾಸನೆಯಲ್ಲಿ ಸಣ್ಣಗೆ ಹೆಂಡದ ಹುಳಿ ಸೇರಿಕೊಳ್ಳುತ್ತದೆ. ಕಳೆದ ವಾರ ಹೊಸಪೇಟೆ ಬಸ್ ಸ್ಟ್ಯಾಂಡಿನ ಹೊರಗೆ ಹೆಂಗಸೊಬ್ಬಳು ಬುಟ್ಟಿಯ ಮೇಲಿನ ಗೋಣಿತಟ್ಟು ಸರಿಸಿದಳು. ಆ ವಾಸನೆ ಬಂತು. ನಾನು ನಿಂತಲ್ಲೇ ನಿಂತುಬಿಟ್ಟೆ.

"ಯಾಕ್ರೀ ಅಕ್ಕಾರ, ಹಣ್ಣು ಬ್ಯಾಡೇನ್ರಿ?" ಎಂದಳು. ಬೇಡವೆಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಆದರೆ ಅಲ್ಲಾಡಿಸಲು ಆಗಲಿಲ್ಲ...

ಹನ್ನೆರಡು ವರ್ಷದ ಹಿಂದೆ, ಸಂಡೂರು ಗುಡ್ಡದ ಮೇಲಿನ ಪಾಳು ಚರ್ಚೊಂದರ ಗೋರಿಗಳ ನಡುವೆ ಇದೇ ವಾಸನೆ ನನ್ನ ಬೆನ್ನ ಹಿಂದೆ ಇತ್ತು. ಆ ಹಣ್ಣು ತಿನ್ನುತ್ತಿದ್ದ ಕರಡಿಯೂ ಅಲ್ಲೇ ಇತ್ತು. ನಾನು ಇವತ್ತು ಬದುಕಿರುವುದು ನಮ್ಮ ಓಣಿಯ ಸ್ಟುಡಿಯೋ ಕಾಕಾ ಅವರಿಂದ. ಇದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ನನ್ನ ಬಗ್ಗೆ.

ಅವರು ನಮ್ಮ ರಕ್ತಸಂಬಂಧಿಯಲ್ಲ. ಓಣಿಯ ಮೂಲೆಯಲ್ಲಿ ಅವರ ಸ್ಟುಡಿಯೋ ಇತ್ತು, ಅಷ್ಟೇ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಎಲ್ಲವನ್ನೂ ತೆಗೆಯುತ್ತಿದ್ದರು. ನಮ್ಮ ಮನೆತನಗಳಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೊನೆಯ ಫೋಟೋ ತೆಗೆಸುತ್ತಾರಲ್ಲ, ಅದಕ್ಕೂ ಅವರೇ ಬರಬೇಕಿತ್ತು. ಬೇರೆ ಫೋಟೋಗ್ರಾಫರುಗಳು ಆ ಕೆಲಸಕ್ಕೆ ಹಿಂಜರಿಯುತ್ತಿದ್ದರು. ಇವರು ಮಾತ್ರ ಸತ್ತವರ ತಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ನೇರ ಮಾಡಿ, "ಹ್ಞಾ, ಹಿಂಗ ಇರ್ರಿ" ಎನ್ನುತ್ತಿದ್ದರು.

ಅವರ ಸ್ವಂತ ಹುಚ್ಚು ಬೇರೆಯದೇ ಆಗಿತ್ತು. ರವಿವಾರ ಸ್ಟುಡಿಯೋ ಮುಚ್ಚಿ, ರೀಲು ಹಾಕುವ ಹಳೆಯ ಕ್ಯಾಮೆರಾ ಹೆಗಲಿಗೇರಿಸಿ, ಹಳೆ ಚರ್ಚುಗಳನ್ನೂ ಗೋರಿಗಳನ್ನೂ ಹುಡುಕಿಕೊಂಡು ಹೋಗುತ್ತಿದ್ದರು. ಹಂಪಿ ಇಷ್ಟು ಹತ್ತಿರವಿರುವಾಗ ಇವೇಕೆ ಎಂದು ಒಮ್ಮೆ ಕೇಳಿದ್ದೆ.

"ಹಂಪ್ಯಾಗಿನ ಕಲ್ಲಿನ ರಥ ಜಗತ್ತೆಲ್ಲಾ ತೆಗದೈತಿ. ಅಲ್ಲೆಲ್ಲೋ ಊರು ಬಿಟ್ಟು ಬಂದು ಸತ್ತ ಇಂಗ್ಲಿಷರ ಕೂಸಿನ ಗೋರಿ ಯಾರು ತೆಗೀತಾರವ್ವಾ?"

ಮಂಜು ಕವಿದ ಹೊತ್ತೇ ಅವರಿಗೆ ಬೇಕಿತ್ತು. ಕ್ಯಾಮೆರಾದ ಕಣ್ಣಿನ ಮುಂದೆ ಒಂದು ಕಪ್ಪು ಗಾಜು ಸಿಕ್ಕಿಸಿ ಶಟರನ್ನು ಮೂವತ್ತು ಸೆಕೆಂಡು ತೆರೆದಿಡುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಹರಿಯುವ ಮಂಜು ಫೋಟೋದಲ್ಲಿ ಹಾಲಿನಂತಾಗುತ್ತದೆ. ನಡುವೆ ಆಡೊಂದು ಹಾದುಹೋದರೆ ಅದು ಫೋಟೋದಲ್ಲಿ ಇರುವುದೇ ಇಲ್ಲ. ಅಲ್ಲಾಡದೆ ನಿಂತದ್ದು ಮಾತ್ರ ಉಳಿಯುತ್ತದೆ.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಈ ಸೀಮೆಯ ಹಳೆ ಚರ್ಚು, ಗೋರಿಗಳ ಮೇಲೆ ಪ್ರಾಜೆಕ್ಟ್ ಬರೆಯಬೇಕಿತ್ತು, ಫೋಟೋ ಬೇಕಿತ್ತು. ಕಾಕಾ ಒಪ್ಪಿದರು. ಷರತ್ತು ಒಂದೇ. ಗೋರಿಯ ಅಳತೆ ತಿಳಿಯಲು ನಾನು ಅದರ ಪಕ್ಕ ಕೂರಬೇಕು, ಮೂವತ್ತು ಎಣಿಸುವವರೆಗೆ ಮಿಸುಕಬಾರದು.

ಮೊದಲ ಸಲ ಕಂಪ್ಲಿ ಕಡೆಯ ಹೊಳೆದಂಡೆಯ ಒಂದು ಪುಟ್ಟ ಚರ್ಚಿಗೆ ಹೋದೆವು. ಸೊಳ್ಳೆ ಕಚ್ಚಿತು, ಕಾಲು ಕೆರೆದುಕೊಂಡೆ. ಮತ್ತೆ ಕೂತೆ, ಸೀನಿದೆ. ಮೂರನೆಯ ಸಲ ಕೊಕ್ಕರೆಯೊಂದು ಹಾರಿತು, ತಿರುಗಿ ನೋಡಿದೆ.

"ಸತ್ತೋರ ಫೋಟೋ ಎಷ್ಟು ತೆಗದೀನಿ, ಒಬ್ಬರೂ ಅಲ್ಲಾಡಿಲ್ಲ ನೋಡು. ನಿನಗಿಂತ ಅವರ ಭಾಳ ಶಾಣ್ಯಾರು," ಎಂದರು.

ಕಲ್ಲಿನ ಮೇಲಿನ ಅಕ್ಷರ ಸವೆದು ಓದಲಾಗದಂತಿದ್ದರೆ ಅವರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಮೇಲೆ ತಿಕ್ಕುತ್ತಿದ್ದರು. ಬಿಳಿ ಪುಡಿ ಗೀರುಗಳಲ್ಲಿ ಕೂತು ಹೆಸರು ಎದ್ದು ಕಾಣುತ್ತಿತ್ತು. ಫೋಟೋ ಆದ ಮೇಲೆ ನೀರು ಸುರಿದು ಒರೆಸುತ್ತಿದ್ದರು. "ಪಾದ್ರಿಗಳು ನೋಡಿದ್ರ ಬೈತಾರ" ಎಂದು ನಾನೆಂದರೆ, "ಬೂದಿಗೆ ಯಾವ ಜಾತಿ ಲೇ" ಎಂದು ನಗುತ್ತಿದ್ದರು.

ಅವರ ಎಣಿಕೆಯಲ್ಲೂ ಒಂದು ವಿಚಿತ್ರವಿತ್ತು. "ಐದು, ಆರು, ಇನ್ನೊಂದು, ಎಂಟು" ಎಂದು ಹೋಗುತ್ತಿದ್ದರು. ಹದಿನಾರಾದ ಮೇಲೆಯೂ ಇನ್ನೊಂದು, ಇಪ್ಪತ್ತಾರಾದ ಮೇಲೆಯೂ ಇನ್ನೊಂದು. ಸ್ಟುಡಿಯೋದಲ್ಲಿ ಸರಿಯಾಗಿಯೇ ಎಣಿಸುವವರು ಗೋರಿಗಳ ನಡುವೆ ಮಾತ್ರ ಹೀಗೇಕೆ ಎಂದು ಕೇಳಿದೆ.

"ಮಲಗಿದೋರ ಮುಂದ ನಿಂತು 'ಏಳು' ಅಂತಾರೇನು? ಎದ್ದು ಕುಂತ್ರ ನೀನು ಚಾ ಮಾಡಿ ಕೊಡ್ತೀಯೇನು?"

ನಾನು ಬಿದ್ದು ಬಿದ್ದು ನಕ್ಕಿದ್ದೆ.

ಸಂಡೂರು ಗುಡ್ಡಕ್ಕೆ ಹೋದದ್ದು ಅದಾಗಿ ಎರಡು ವಾರಕ್ಕೆ. ಮಳೆ ಹಿಂದೆ ಸರಿಯುತ್ತಿದ್ದ ಕಾಲ, ಬೆಳಗಿನ ಹೊತ್ತು. ಊರಿನಿಂದ ಜೀಪು ಹಿಡಿದೆವು. ಇಳಿಸುವಾಗ ಡ್ರೈವರ್, "ಸೀತಾಫಲ ಹಣ್ಣಾಗ್ಯಾವ, ಹುಷಾರ್ರಿ. ದರೋಜಿ ಕರಡಿಧಾಮದಾಗ ನೋಡಾಕ ಟಿಕೆಟ್ ಐತಿ, ಇಲ್ಲಿ ಪುಕ್ಕಟೆ" ಎಂದ. ಕಾಕಾ, "ಕರಡಿ ಕುಂತ್ರ ಅದರದೂ ಒಂದು ತೆಗಿಯೂಣು ಬಿಡ್ರಿ" ಎಂದರು.

ಬೇಸಗೆಯ ಸೆಖೆ ತಾಳದೆ ಗುಡ್ಡವೇರಿ ಇದ್ದ ಇಂಗ್ಲಿಷರು ಕಟ್ಟಿಕೊಂಡ ಚರ್ಚಂತೆ ಅದು. ಚಾವಣಿ ಹೋಗಿತ್ತು. ಗೋಡೆಗಳೂ ಗಂಟೆ ಕಟ್ಟುವ ಗೋಪುರದ ಕಿರಿದಾದ ಕಲ್ಲುಮೆಟ್ಟಿಲೂ ಉಳಿದಿದ್ದವು. ಪಕ್ಕದಲ್ಲಿ ಹತ್ತಾರು ಗೋರಿಗಳು, ಅವುಗಳ ಬಿರುಕಿನಲ್ಲೆಲ್ಲ ಸೀತಾಫಲದ ಗಿಡಗಳು. ಮಂಜು ಅಲೆ ಅಲೆಯಾಗಿ ಬರುತ್ತಿತ್ತು. ಅಷ್ಟು ಸುಂದರವಾದ ಜಾಗವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಮೊಣಕಾಲೆತ್ತರದ ಒಂದು ಗೋರಿಯ ಪಕ್ಕ ಕೂತೆ. ಕಾಕಾ ಇಪ್ಪತ್ತು ಹೆಜ್ಜೆ ದೂರದಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಶಟರ್ ತೆರೆದರು. "ಒಂದು, ಎರಡು..." ಈ ಸಲ ಅಲ್ಲಾಡಬಾರದೆಂದು ಹಟ ತೊಟ್ಟಿದ್ದೆ. ಹಿಂದೆ ಎಲೆಗಳ ಸದ್ದು, ಏನೋ ಚಪ್ಪರಿಸುವ ಸದ್ದು ಕೇಳಿತು. ದನವಿರಬೇಕು ಎಂದುಕೊಂಡೆ. "ಇಪ್ಪತ್ತೊಂಬತ್ತು, ಮೂವತ್ತು" ಎಂದರು. ಶಟರ್ ಮುಚ್ಚುವ 'ಟಕ್' ಕೇಳಲಿಲ್ಲ. ಅದೇ ದನಿಯಲ್ಲಿ ಮತ್ತೆ, "ಒಂದು, ಎರಡು, ಮೂರು" ಎಂದು ಶುರುಮಾಡಿದರು. ಮಂಜು ದಟ್ಟವಾಗಿದೆ, ಇನ್ನಷ್ಟು ಹೊತ್ತು ಬೇಕೇನೋ ಎಂದು ಉಸಿರು ಹಿಡಿದೆ. ಹುಳಿ ವಾಸನೆ ತೀರ ಹತ್ತಿರ ಬಂತು.

"ಐದು... ಆರು..."

ಸ್ವಲ್ಪ ಬಿಟ್ಟು, "ಏಳು."

ನಾನು ಕೂತೇ ಇದ್ದೆ.

ಎಷ್ಟು ಹೊತ್ತು ಕೂತಿದ್ದೆ? ಎರಡು ಕ್ಷಣ, ಹೆಚ್ಚೆಂದರೆ ಮೂರು. ಆರಾದ ಮೇಲೆ ಏಳು ತಾನೇ ಬರುವುದು ಎಂದು ಮನಸ್ಸಿನ ಒಂದು ಕಡೆ ಹೇಳಿತು. ಈ ಮನುಷ್ಯ ಇಲ್ಲಿ ಆ ಮಾತು ಆಡುವವರಲ್ಲ ಎಂದು ಇನ್ನೊಂದು ಕಡೆ ಹೇಳಿತು. ಕಣ್ಣೆತ್ತಿದಾಗ ಕಾಕಾ ಕ್ಯಾಮೆರಾದ ಹಿಂದೆ ಇರಲಿಲ್ಲ. ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಎರಡೂ ಕೈಯಲ್ಲಿ ಹಿಡಿದು ಕಲ್ಲಿಗೆ ಬಡಿಯುತ್ತ, ಕೂಗುತ್ತ, ನನ್ನತ್ತ ಓಡಿ ಬರುತ್ತಿದ್ದರು. ನಾನು ಎದ್ದೆ. ಕಪ್ಪಗಿನದೊಂದು ನನ್ನನ್ನು ಸವರಿಕೊಂಡೇ ಅವರ ಕಡೆ ಹೋಯಿತು. ಓಡಿ ಗೋಪುರದ ಮೆಟ್ಟಿಲೇರಿದೆ. ಅಲ್ಲಿಂದ ಕೇಳಿದ ಸದ್ದನ್ನು ಬರೆಯಲಾರೆ.

ಸ್ಟ್ಯಾಂಡಿನ ಪೆಟ್ಟಿಗೋ ಏನೋ, ಕರಡಿ ಗಿಡಗಳೊಳಗೆ ನುಗ್ಗಿ ಹೋಯಿತು. ಇಳಿದು ಬಂದು ವೇಲಿನಿಂದ ಅವರ ಮುಖ ಕಟ್ಟಿದೆ. ತೋಳು ಹಿಡಿದು ರಸ್ತೆಯವರೆಗೆ ನಡೆಸಿದೆ. ಅದಿರು ಲಾರಿಯೊಂದು ನಿಂತು ನಮ್ಮನ್ನು ಹತ್ತಿಸಿಕೊಂಡಿತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಎಡಗಣ್ಣು ಉಳಿಯಲಿಲ್ಲ.

"ಹೆಂಗೂ ಒಂದು ಕಣ್ಣು ಮುಚ್ಚೇ ತೆಗೀತಿದ್ದೆ. ಈಗ ಮುಚ್ಚೋ ಕೆಲಸ ಉಳೀತು," ಎಂದರು ಬ್ಯಾಂಡೇಜ್ ಬಿಚ್ಚಿದ ದಿನ. ವಾರ್ಡಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಜೀಪಿನವನು ಹುಡುಕಿ ತಂದ ಕ್ಯಾಮೆರಾದ ರೀಲನ್ನು ತೊಳೆದಾಗ, ಶಟರ್ ಮುಚ್ಚದೆ ಅಷ್ಟು ಹೊತ್ತು ಬೆಳಕು ಬಿದ್ದ ಆ ಕೊನೆಯ ಫೋಟೋ ಬರೀ ಬಿಳಿ ಬಂದಿತ್ತು. ಗೋರಿಯೂ ಇಲ್ಲ, ನಾನೂ ಇಲ್ಲ.

ಆಮೇಲೂ ಅವರು ಹನ್ನೊಂದು ವರ್ಷ ಬದುಕಿದರು, ಫೋಟೋ ತೆಗೆದರು. ನಾನು ಎಂ.ಎ. ಮಾಡಿದೆ, ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಸಂಜೆ ಸ್ಟುಡಿಯೋದಲ್ಲಿ ಕೂತು ಅವರೊಂದಿಗೆ ಚಹಾ ಕುಡಿಯುವುದು ತಪ್ಪಲಿಲ್ಲ. ಎಷ್ಟೋ ಸಲ ಹೇಳಬೇಕೆಂದುಕೊಂಡೆ. ಕಾಕಾ, ನೀವು ಏಳು ಎಂದಾಗ ನಾನು ತಡಮಾಡಿದೆ, ಆ ಎರಡು ಕ್ಷಣವೇ ನಿಮ್ಮ ಕಣ್ಣನ್ನು ತಿಂದಿತು, ಎಂದು. ಬಾಯಿ ಬರಲಿಲ್ಲ. ಅವರೂ ಆ ಬೆಳಗಿನ ಸುದ್ದಿ ಎತ್ತುತ್ತಿರಲಿಲ್ಲ. ನನ್ನ ಮೇಲಿನ ಕರುಣೆಯಿಂದ ಸುಮ್ಮನಿದ್ದಾರೆ ಎಂದುಕೊಂಡಿದ್ದೆ...

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ತಿಂಗಳಾದ ಮೇಲೆ ಅವರ ಹೆಂಡತಿ, ನಾನು ಚಿಗವ್ವ ಎನ್ನುವವರು, ನನ್ನನ್ನು ಮನೆಗೆ ಕರೆಸಿಕೊಂಡರು.

"ಕುಂದ್ರವ್ವಾ. ಒಂದು ಮಾತು ನಿನಗ ಹೇಳದ ಹೊಟ್ಟ್ಯಾಗ ಇಟ್ಕೊಂಡ ಹೋದ್ರು ನಿಮ್ಮ ಕಾಕಾ. ಹದಿನೆಂಟು ಅನ್ನೋವಾಗ್ಲೇ ಕರಡಿ ಕಂಡಿತ್ತಂತ ಅವರಿಗೆ. ದೂರ ಐತಿ, ಹಣ್ಣು ತಿನ್ನಾಕತ್ತೈತಿ, ಇನ್ನ ಹನ್ನೆರಡು ಎಣಿಸಿದ್ರ ಫೋಟೋ ಮುಗೀತದ ಅಂತ ಸುಮ್ನಾದ್ರಂತ. ಮೂವತ್ತಾಗೋದ್ರಾಗ ಅದು ನಿನ್ನ ಬೆನ್ನಿಗೆ ಬಂದಿತ್ತು. ಟಕ್ ಅಂದ್ರ ಬೆದರತದ ಅಂತ ಶಟರ್ ಮುಚ್ಚಾಕೂ ಆಗಲಿಲ್ಲಂತ. ನೀನು ಅಲ್ಲಾಡಬಾರದು ಅಂತ ಮತ್ತ ಒಂದರಿಂದ ಎಣಿಸಿದ್ರಂತ. 'ಒಂದು ಫೋಟೋಕ್ಕ ಆ ಹುಡುಗೀ ಜೀವ ಪಣಕ್ಕಿಟ್ಟೆ' ಅಂತ ಅಳತಿದ್ರು."

ನನ್ನ ಎರಡು ಕ್ಷಣದ ಮಾತು ಆಗ ನನ್ನಿಂದ ಹೊರಗೆ ಬಂತು. ಚಿಗವ್ವ ಪೂರ್ತಿ ಕೇಳಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯ ನಿಮ್ಮ! ದಿನಾ ಎದುರಾಬದುರಾ ಕುಂತು ಚಾ ಕುಡುದ್ರಿ. ಒಬ್ಬರರ ಬಾಯಿ ಬಿಡಬಾರದಿತ್ತಾ?"

ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ. ಕಾಲೇಜಿನಿಂದ ಬರುವಾಗ ಅದರ ಮುಂದೆಯೇ ಹಾಯಬೇಕು. ಅವರನ್ನು ನಾನು ದೂರುವುದಿಲ್ಲ. ಅದನ್ನು ಅವರಿಗೆ ಹೇಳುವ ದಾರಿ ಇಲ್ಲವಲ್ಲ ಎಂಬುದೇ ಸಂಕಟ. ಆ ಬೆಳಗು, ಆ ಮಂಜು, ಗೋರಿಯ ಮೇಲೆ ಆಗ ಬಿದ್ದಿದ್ದ ಬೆಳಕು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಕ್ಯಾಮೆರಾದ ಹಿಂದೆ ನಾನಿದ್ದಿದ್ದರೆ, ಕಾಕಾ, ನಾನೂ ಮೂವತ್ತರವರೆಗೆ ಎಣಿಸುತ್ತಿದ್ದೆ.