ಸವೆಯದ ಎಡಮೆಟ್ಟು

ಹುರಿಗಡಲೆ ಅಂಗಡಿಯವರ ಎಡಗಾಲಿನ ಮೆಟ್ಟು ಎಂದೂ ಸವೆಯುತ್ತಿರಲಿಲ್ಲ. ಎಳವೆಯ ಜ್ವರದಲ್ಲಿ ಆ ಕಾಲು ಬತ್ತಿ, ನೆಲಕ್ಕಿಂತ ನಾಲ್ಕು ಬೆರಳು ಮೇಲೇ ನಿಂತುಬಿಟ್ಟಿತ್ತು; ನಡೆಯುವುದೆಲ್ಲ ಕೋಲೂರಿ, ಬಲಗಾಲಿನ ಮೇಲೆ. ಒಂಟಿ ಮೆಟ್ಟನ್ನು ಯಾರೂ ಮಾರುವುದಿಲ್ಲ. ಹಾಗಾಗಿ ಬಲಗಾಲಿನದು ಹರಿದಾಗಲೆಲ್ಲ ಅವರು ಜೊತೆ ಕೊಳ್ಳುವರು. ಎಡಗಾಲಿನದು ಹೊಸದಾಗಿಯೇ ಗೋಡೆಯ ಮೊಳೆ ಸೇರುವುದು. ಮದ್ದೂರಿನ ಮಳವಳ್ಳಿ ರಸ್ತೆಯ ಆ ಅಂಗಡಿಯಲ್ಲಿ ಅಂಥವು ಒಂಬತ್ತು ನೇತಾಡುತ್ತಿದ್ದವು.

ಇಂಥವರು ನಮ್ಮ ಸೀಮೆಗೆಲ್ಲ ನಡಿಗೆಯ ಮಹಾಪಂಡಿತರಾಗಿದ್ದರೆಂದು ಗಂಭೀರವಾಗಿಯೇ ನಿವೇದಿಸುತ್ತೇನೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರು ಮೊದಲು ಅವರ ಮುಂದೆ ಹಾಜರಾಗಬೇಕು. ಅವರು ಹಲಗೆಯ ಮೇಲೆ ಕಡಲೆಕಾಳು ಜೋಡಿಸಿ, ತುದಿಗೆ ಬೆಟ್ಟವೆಂದು ಒಂದು ಅಚ್ಚು ಬೆಲ್ಲವಿಟ್ಟು ಶುರುಮಾಡುವರು:

"ಮೊದಲ್ನೆ ದಿನ ಮಳವಳ್ಳಿ. ಎಲ್ಡನೆ ದಿನ ಒಳೆ ದಾಟಿ ಕೊಳ್ಳೇಗಾಲ. ಅಲ್ಲಿಗೆ ಮಾರಾಜ್ರ ಸೀಮೆ ಮುಗೀತು, ಬಿಳೀ ದೊರೆ ಸೀಮೆ. ಆದ್ರೂ ಕಾಲು ನೋಯೋದು ಒಂದೇ ತರ ಕಣ್ಲಾ. ಮೂರ್ನೆ ದಿನ ಅನೂರು, ನಾಕ್ನೆ ದಿನ ಕೌದಳ್ಳಿ. ಐದ್ನೆ ದಿನ ಬೆಟ್ಟ ಅತ್ತೋದು."

ಸ್ವತಃ ಅವರು ಪಕ್ಕದ ವೈದ್ಯನಾಥಪುರದಿಂದಾಚೆ ಹೋದವರಲ್ಲ. ಹೋಗಿಬಂದವರನ್ನು ಕೂರಿಸಿ, ನೀರೆಲ್ಲಿ, ನೆರಳೆಲ್ಲಿ, ನಾಯಿ ಎಲ್ಲಿ ಎಂದು ಕೇಳಿ ಕೇಳಿ ಕಲಿತದ್ದು.

ಪಕ್ಕದ ಮನೆಯವನಾದ ನನಗೆ ಒಂದು ದಿನ ಗುಟ್ಟು ಬಿಚ್ಚಿದರು.

"ಜ್ವರ ಬಂದಾಗ ಅವ್ವ ಅರಕೆ ಒತ್ಕಂಡಿದ್ಲು, ಮಗ ಉಳುದ್ರೆ ನಡುಸ್ಕಂಡ್ ಬತ್ತೀನಿ ಅಂತ. ಮಾದಪ್ಪ ಉಳುಸ್ದ. ನಡಿಗೆ ಮಾತ್ರ ಅವನತ್ರಾನೇ ಮಡಿಕ್ಕಂಡ."

"ಗಾಡಿ ಕಟ್ಟಿಸಿದರಾಯ್ತಲ್ಲ ಮಾವ."

"ಥೂ ನಿನ್ನ! ಗಾಡೀಲಿ ಓದ್ರೆ ನಡೆಯೋದು ಎತ್ತು, ಪುಣ್ಯಾನೂ ಅದ್ಕೇ ಓಯ್ತದೆ."

ಹಲಗೆಯ ಮೇಲೆ ತಮ್ಮ ದಾರಿ ಜೋಡಿಸಿದರು. ಹನ್ನೊಂದು ಕಾಳು. "ನಂಗೆ ಇಷ್ಟು ದಿನ ಬೇಕು. ಬಿದ್ರೆ ಎತ್ತಾಕೆ ಒಬ್ಬ ಬೇಕು."

ನಾನು ಬರುತ್ತೇನೆ ಎಂದೆ.

ನಾನಾಗ ತಾಲ್ಲೂಕು ಕಚೇರಿಯ ಗುಮಾಸ್ತ. ಸಹೋದ್ಯೋಗಿಗಳ ರಜೆ ಅರ್ಜಿಗಳೆಲ್ಲ ನನ್ನ ಕೈಬರಹದವು. ಒಬ್ಬರ ಹೊಟ್ಟೆನೋವನ್ನೂ ಇನ್ನೊಬ್ಬರ ಅತ್ತೆಯ ಸಾವನ್ನೂ ಕಲ್ಲು ಕರಗುವಂತೆ ಬರೆದುಕೊಟ್ಟಿದ್ದೇನೆ. ನನ್ನದೊಂದನ್ನು ಬರೆಯಲಿಲ್ಲ. ಮೊದಲ ವರ್ಷ ಕಚೇರಿಯ ತನಿಖೆ ಎಂದೆ. ಮರುವರ್ಷ ಯುದ್ಧವೆಂದೆ, ನನ್ನನ್ನು ಕೇಳಿಯೇ ಅದನ್ನು ನಡೆಸುತ್ತಿದ್ದರೆಂಬಂತೆ. ಮೂರನೆಯ ವರ್ಷ ಏನೆಂದೆನೋ ನೆನಪಿಲ್ಲ. ಪ್ರತಿಸಲವೂ ಅವರು ಬುತ್ತಿಗೆಂದು ಕಟ್ಟಿದ್ದ ಹುರಿಗಡಲೆಯ ಗಂಟು ಬಿಚ್ಚಿ, ಡಬ್ಬಕ್ಕೆ ವಾಪಸು ಸುರಿಯುವರು.

"ಬುಡ್ಲಾ, ಬರೋ ವರ್ಸ ಓಗವ. ಬೆಟ್ಟ ಎಲ್ಲಿಗೋಯ್ತದೆ?"

ಬೆಟ್ಟ ಹೋಗಲಿಲ್ಲ. ನಾಲ್ಕನೆಯ ಶಿವರಾತ್ರಿಗೆ ಇಪ್ಪತ್ತು ದಿನವಿರುವಾಗ, ಎದೆನೋವೆಂದು ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿಯ ಬಳಿ ಹೋಗಿ ಒಂದು ಎಡಮೆಟ್ಟು ಕೇಳಿದೆ. ಆಕೆ ಮೊಳೆಯಿಂದ ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, "ಮೆತ್ತಗೆ ಕರ್ಕೊಂಡೋಗಪ್ಪ" ಎಂದರು.

ಅರ್ಜಿ ನೋಡಿ ಸಾಹೇಬರು ಹುಬ್ಬೇರಿಸಿದರು. "ಎಲ್ಲರೂ ಐದು ದಿನಕ್ಕೆ ನಡೀತಾರಲ್ರೀ, ನಿಮಗ್ಯಾಕೆ ಹನ್ನೊಂದು?"

"ಜೊತೆಯವರಿಗೆ ಒಂದು ಕಾಲು ಸರಿಯಿಲ್ಲ, ಸ್ವಾಮಿ."

ತಕ್ಷಣ ಸಹಿ ಬಿತ್ತು. ಮೂರು ವರ್ಷ ನಾನು ಅಂಜಿದ್ದು ಇಷ್ಟಕ್ಕೆ.

ಐದನೆಯ ದಿನ, ಜೊತೆಗೆ ಹೊರಟವರೆಲ್ಲ ಬೆಟ್ಟ ಹತ್ತುತ್ತಿದ್ದಿರಬೇಕು. ನಾನು ಕೊಳ್ಳೇಗಾಲದ ಆಚೆ ಒಂದು ಹೊಂಗೆಯ ಬುಡದಲ್ಲಿ, ಮೆಟ್ಟನ್ನು ಬೇರಿಗೆ ಒರಗಿಸಿ, ಹುರಿಗಡಲೆ ತಿನ್ನುತ್ತ ಕುಳಿತಿದ್ದೆ. ನೆರಳು ಅವರು ಹೇಳಿದ ಕಡೆಯೇ ಇತ್ತು.