ಹುಳದ ಪಾಲಿನ ಗೆಲ್ಲು

ಚಿಟ್ಟೆ ಬರುತ್ತದೆಂದು ಕಾದಿದ್ದ ಬಾಟಲಿಯಲ್ಲಿ ಜೀರಿಗೆಗಿಂತ ಸಣ್ಣ ನೊಣಗಳ ಹಿಂಡು ಹರಿದಾಡಿದರೆ ನಿಮಗೇನನ್ನಿಸುತ್ತದೆ? ನಾನಂತೂ ಕಿರುಚಿದೆ. ಪಕ್ಕದ ಫ್ಲ್ಯಾಟಿನ ಲಿಲ್ಲಿಬಾಯಿ ಓಡಿ ಬಂದರು. (ರಿಟೈರ್ಡ್ ಬಯಾಲಜಿ ಟೀಚರ್. ನಮ್ಮ ಫಳ್ನೀರಿನ ಅಪಾರ್ಟ್‌ಮೆಂಟಿನಲ್ಲಿ ಜಿರಳೆ ಕಂಡರೂ ಅವರಿಗೇ ಕರೆ.)

ವಿಷಯ ಇಷ್ಟು. ನನ್ನ ಬಾಲ್ಕನಿಯಲ್ಲೊಂದು ಲಿಂಬೆ ಗಿಡವಿದೆ. ಬಜಪೆಯ ಮನೆಯಂಗಳದಲ್ಲಿದ್ದ ಅಮ್ಮನ ಮರದ ಬೀಜದ್ದು. ಅಮ್ಮ ಹೋದರು. ರಸ್ತೆ ಅಗಲ ಮಾಡುವಾಗ ಮರವೂ ಹೋಯಿತು. ಉಳಿದದ್ದು ಈ ಕುಂಡ ಮಾತ್ರ.

ಈ ಸಲ ಚಿಗುರಿದ್ದೇ ತಡ, ಹಸಿರು ಹುಳಗಳು ಬಂದು ಎಲೆ ಬೋಳಿಸತೊಡಗಿದವು. ಸ್ಪ್ರೇ ಹೊಡೆದೆ. ಸತ್ತವು. ಮತ್ತೆ ಬಂದವು, ಮೊದಲಿಗಿಂತ ಹೆಚ್ಚು. ಮತ್ತೆ ಹೊಡೆದೆ. ಗಿಡ ಉಳಿಯುವ ಭರವಸೆಯೇ ಹೋಯಿತು. ಕಡ್ಡಿಗೆ ಅಂಟಿದ್ದ ಒಂದು ಗೂಡನ್ನು, ಚಿಟ್ಟೆಯನ್ನಾದರೂ ನೋಡೋಣವೆಂದು ಬಾಟಲಿಗೆ ಹಾಕಿಟ್ಟಿದ್ದೆ.

"ನೊಣ ಅಲ್ಲ ಮಾರಾಯ್ತಿ, ಕಣಜ," ಎಂದರು ಲಿಲ್ಲಿಬಾಯಿ. "ಗೂಡಿನೊಳಗೆ ಮೊಟ್ಟೆ ಇಡ್ತವೆ. ಮರಿಗಳು ಚಿಟ್ಟೆಯನ್ನೇ ತಿಂದು ಮುಗಿಸ್ತವೆ. ಹುಳ ಜಾಸ್ತಿಯಾದ್ರೆ ಇವೂ ಜಾಸ್ತಿ. ಇವು ಜಾಸ್ತಿಯಾದ್ರೆ ಹುಳ ಕಮ್ಮಿ."

"ಹುಳವೇ ಇಲ್ಲದಿದ್ರೆ?"

"ಇವುಗಳ ವಂಶವೇ ಇಲ್ಲ. ನಿನ್ನ ಸ್ಪ್ರೇಗೂ ಸಾಯ್ತವೆ. ಚಿಟ್ಟೆಗೆ ಎಂತ? ಎಲ್ಲಿಂದಲೋ ಹಾರಿ ಬಂದು ಪುನಃ ಮೊಟ್ಟೆ ಇಡ್ತದೆ. ಆಗ ತಡೆಯಲಿಕ್ಕೆ ಯಾರು ಉಂಟು?"

ನನಗೆ ಅಮ್ಮ ನೆನಪಾದರು. ಬೆಳಗಿನ ಚಹಾಕ್ಕೂ ಮೊದಲೇ ಅಂಗಳಕ್ಕಿಳಿದು, ತೆಂಗಿನ ಕಡ್ಡಿಯಲ್ಲಿ ಹುಳಗಳನ್ನು ಎತ್ತಿ ಎತ್ತಿ, ಬಾವಿಯ ಕಡೆ ಚಾಚಿದ್ದ ಒಂದೇ ಕೊಂಬೆಗೆ ಬಿಡುತ್ತಿದ್ದರು. ಕೊಲ್ಲುತ್ತಿರಲಿಲ್ಲ. ಆ ಗೆಲ್ಲು ಸದಾ ಬೋಳು. ಉಳಿದ ಮರದಲ್ಲಿ ಮಾತ್ರ ನಮ್ಮ ಉಪ್ಪಿನಕಾಯಿಗೆ ಸಾಕಾಗಿ ನೆರೆಮನೆಗಳಿಗೂ ಹಂಚುವಷ್ಟು ಕಾಯಿ!

"ಅದು ಹುಳದ ಪಾಲು, ಮುಟ್ಬೇಡಿ," ಎನ್ನುತ್ತಿದ್ದರು. ಅಣ್ಣ ಅದಕ್ಕೆ 'ಹುಳದ ಲಾಡ್ಜ್' ಎಂದು ಹೆಸರಿಟ್ಟಿದ್ದ. ಅಮ್ಮನೂ ನಗುತ್ತಿದ್ದರು. ಒಳಗೆ ಬಂದಾಗ ಅವರ ಸೆರಗೆಲ್ಲ ಲಿಂಬೆ ಎಲೆಯ ಪರಿಮಳ. ಅದೊಂದು ಬೆಳಗು ಮತ್ತೆ ಸಿಕ್ಕರೆ ಸಾಕೆನಿಸುತ್ತದೆ.

ಅಮ್ಮನಿಗೆ ಕಣಜದ ವಿಷಯ ಗೊತ್ತಿತ್ತೇ? ಅಥವಾ ಅದು ಬರಿಯ ಕನಿಕರವೇ? ಯಾರನ್ನು ಕೇಳಲಿ?

ಸ್ಪ್ರೇ ಡಬ್ಬಿಯನ್ನು ಆಚೆ ಹಾಕಿದೆ. ಕಣಜಗಳನ್ನು ಗಿಡದ ಬಳಿ ಬಿಟ್ಟೆ. ಇವತ್ತು ಬೆಳಿಗ್ಗೆ ಹೊಸ ಹುಳ ಕಾಣಿಸಿತು. ಕಡ್ಡಿ ಹಿಡಿದು ನಿಂತೆ, ಥೇಟ್ ಅಮ್ಮನ ಹಾಗೆ.

ಆದರೆ ಅವರ ಮರಕ್ಕೆ ಲೆಕ್ಕವಿಲ್ಲದಷ್ಟು ಗೆಲ್ಲುಗಳಿದ್ದವು. ನನ್ನ ಗಿಡದಲ್ಲಿ ಎಲೆ ಉಳಿದಿರುವುದು ಎರಡೇ ಗೆಲ್ಲಿನಲ್ಲಿ. ಯಾವುದನ್ನು ಬಿಟ್ಟುಕೊಡಲಿ, ಅಮ್ಮಾ?