ಅಳತೆ ಪುಸ್ತಕದ ಅತ್ತೆಯರು

ಅಕ್ಕ ತೀರಿಕೊಂಡ ಮೂರನೇ ತಿಂಗಳು ಹಳೇಬೀಡಿನ ಅವಳ ಹೊಲಿಗೆ ಅಂಗಡಿಯನ್ನು ನಾನು ತೆರೆದೆ. ಹೊಲಿಗೆ ಅವಳೇ ಕಲಿಸಿದ್ದಳು. ಆದರೆ ಯಾರ ತೋಳು ಎಷ್ಟು, ಯಾರಿಗೆ ಕತ್ತು ಎಷ್ಟು ಇಳಿದಿರಬೇಕು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ನನಗೆ ಉಳಿದದ್ದು ನಾಲ್ಕು ಅಳತೆ ಪುಸ್ತಕ. ಅಷ್ಟರಿಂದ ಅಂಗಡಿ ನಡೆಸಬಲ್ಲೆನೋ, ಮುಚ್ಚಬೇಕೋ ತಿಳಿಯಲಿಲ್ಲ.

ಬೇಲೂರಿನ ಕಾಲೇಜಿನಲ್ಲಿ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದೆ. ಪುಸ್ತಕದ ಅಳತೆಗಳನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸಿ ಉದ್ದನೆಯ ಪಟ್ಟಿ ಮಾಡಿದೆ. ಆಮೇಲೆ ಒಬ್ಬೊಬ್ಬರ ಅಳತೆಗಳನ್ನು ಒಂದೊಂದು ಗುಂಪಾಗಿಸಿ ಕೊಡುವ ಸಣ್ಣ ಫಂಕ್ಷನ್ ಬರೆದೆ. ಕಂಪ್ಯೂಟರಿಗೆ ಏಳೇ ಸಾಲಿನ ಆಜ್ಞೆ. ಓಡಿಸಿದರೆ ಅಷ್ಟು ಗಿರಾಕಿಗಳೂ ಸೇರಿ ಒಂಬತ್ತೇ ಹೆಂಗಸರಾಗಿದ್ದರು.

ಅಕ್ಕ ಯಾರ ಹೆಸರನ್ನೂ ಬರೆದಿರಲಿಲ್ಲ. ದೊಡ್ಡವರ ಹೆಸರು ಹಿಡಿದು ಕರೆಯಲೂ ಅವಳಿಗೆ ಮನಸ್ಸು ಬಾರದು, ಬರೆಯಲೂ ಬಾರದು. ಅತ್ತೆ, ಚಿಕ್ಕಮ್ಮ, ಅತ್ತಿಗೆ, ಅಷ್ಟೇ. ನಾನು ಅದನ್ನೇ ಗುರುತಾಗಿ ಹಿಡಿದದ್ದರಿಂದ ಅತ್ತೆಯರೆಲ್ಲ ಒಬ್ಬಳೇ ಅತ್ತೆಯಾಗಿದ್ದರು. ಎಷ್ಟೋ ದಿನಗಳ ಮೇಲೆ ನಕ್ಕೆ.

ಅಷ್ಟರಲ್ಲಿ ಅರಸೀಕೆರೆಯಿಂದ ಫೋನು ಬಂತು. ಅಕ್ಕನ ಹಳೆಯ ಗಿರಾಕಿ, ವಯಸ್ಸಾದವರು. ಮಂಡಿ ನೋವಿನಿಂದ ಅವರು ಬಸ್ಸು ಹತ್ತುವಂತಿರಲಿಲ್ಲ.

"ಶುಕ್ರವಾರ ಮೊಮ್ಮಗನ ನಾಮಕರಣ. ರವಿಕೆ ಬಟ್ಟೆ ಬಸ್ಸಲ್ಲಿ ಕಳ್ಸಿದೀನಿ ಕಣವ್ವ. ನಿಮ್ಮಕ್ಕನ ತಾವ ನನ್ನ ಅಳ್ತೆ ಐತೆ."

"ಅಕ್ಕ ನಿಮ್ಮನ್ನ ಏನಂತ ಕರೀತಿದ್ಲು?"

"ಅತ್ತೆ ಅಂತ."

"ಅತ್ತೆಯರು ಬಾಳ ಜನ ಇದಾರೆ. ನಿಮ್ಮನೆ ಎಲ್ಲಿ ಬರುತ್ತೆ?"

"ರೈಲ್ವೆ ಗೇಟ್ ತಾವ. ಯಾಕವ್ವ, ಕಾಗದ ಹಾಕ್ತೀಯಾ?"

ಫೋನಿಟ್ಟು ಪುಸ್ತಕ ತೆಗೆದೆ. ಪ್ರತಿ ಪುಟದ ಮೂಲೆಯಲ್ಲೂ ಸಣ್ಣಕ್ಷರದಲ್ಲಿ ಒಂದು ಜಾಗ, ಒಂದು ತಾರೀಖು: ಕೆರೆ ಏರಿ, ಕೊಬ್ಬರಿ ಮಂಡಿ ಹಿಂದೆ, ಬಸದಿ ಎದುರು. ಬೇಡವೆಂದು ನಾನು ಬಿಟ್ಟಿದ್ದವು. ಮಧ್ಯಾಹ್ನವೆಲ್ಲ ಕೂತು ಅವನ್ನೂ ಏರಿಸಿದೆ. ಸಂಬಂಧ, ಜಾಗ ಎರಡನ್ನೂ ಸೇರಿಸಿ ಒಂದೇ ಗುರುತು ಮಾಡಿದೆ. ಪ್ರತಿ ಗುಂಪನ್ನೂ ತಾರೀಖಿನಂತೆ ಜೋಡಿಸಲು ಇನ್ನೊಂದು ಫಂಕ್ಷನ್ ಬರೆದೆ. ಮತ್ತೆ ಓಡಿಸಿದೆ.

ಅತ್ತೆಯರು ಬೇರೆ ಬೇರೆಯಾಗಿ ಪರದೆಯ ಮೇಲೆ ಸಾಲಾಗಿ ನಿಂತರು. ರೈಲ್ವೆ ಗೇಟಿನ ಅತ್ತೆ, ನಾಲ್ಕು ಅಳತೆ. "ಸಿಕ್ಕಿದ್ರು ಕಣೇ" ಎಂದು ಅಕ್ಕನ ಮಿಷನ್ ಕಡೆ ತಿರುಗಿಯೇಬಿಟ್ಟೆ. ಸ್ಟೂಲು ಖಾಲಿ ಇತ್ತು. ಆದರೂ ಮೈಯೆಲ್ಲ ಖುಷಿ.

ನಾಲ್ಕನ್ನೂ ಒಟ್ಟಿಗೆ ನೋಡಿದಾಗ ಇನ್ನೊಂದು ಕಂಡಿತು. ಪ್ರತಿ ಸಲವೂ ತೋಳಿನ ಸುತ್ತಳತೆ ಅರ್ಧ ಇಂಚು ಹೆಚ್ಚಿತ್ತು, ಕೊನೆಯ ಅಳತೆಗೆ ಎರಡು ವರ್ಷವಾಗಿತ್ತು. ಫೋನು ಮಾಡಿದೆ.

"ಅತ್ತೆ, ನಿಮ್ಮ ಹಳೇ ಅಳತೆ ಕಂಪ್ಯೂಟರಲ್ಲಿ ನೋಡ್ದೆ. ತೋಳು ಅರ್ಧ ಇಂಚು ಜಾಸ್ತಿ ಬಿಡಲಾ?"

"ನಾನು ಊದ್ಕಂಡಿದೀನಿ ಅಂತ ನಿನ್ ಕಂಪ್ಯೂಟ್ರು ಹೇಳ್ತಾ?"

"ಇಲ್ಲ. ಅಕ್ಕ ಬರೆದಿಟ್ಟಿದಾಳೆ."



"ಹಂಗಾರೆ ಬಿಡವ್ವ."

ಶನಿವಾರ ಅವರೇ ಫೋನು ಮಾಡಿದರು. "ತೋಳು ಸರ್ಯಾಗಿ ಕೂತೈತೆ. ಸೋಮವಾರ ನನ್ ಸೊಸೆ ಬತ್ತಾಳೆ. ಅವಳದು ನಿಮ್ಮಕ್ಕನ ತಾವ ಇಲ್ಲ, ನೀನೇ ಅಳ್ತೆ ತಗೋ."

ನನ್ನ ಪಟ್ಟಿಗೆ ಹೊಸಬರನ್ನು ಸೇರಿಸುವ ಫಂಕ್ಷನ್ ನಾನು ಬರೆದೇ ಇರಲಿಲ್ಲ. ಅಂದು ಮಧ್ಯಾಹ್ನವೇ ಬರೆದೆ.